ಸ್ವಿಚ್‌ನಲ್ಲಿ ಕ್ಯೂಒಎಸ್ ಆನ್ ಮಾಡಿದ ಮೇಲೆ ಫೋನ್ ಧ್ವನಿ ಇನ್ನೂ ಕೆಟ್ಟಿತು, ಯಾಕೆ?

ಪ್ರಶ್ನೆ: ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮಹಡಿಗಳಲ್ಲಿ ಆರು ಸಿಸ್ಕೊ ಕ್ಯಾಟಲಿಸ್ಟ್ 2960 ಸ್ವಿಚ್‌ಗಳಿವೆ, ಸರ್ವರ್ ರೂಮಿನಲ್ಲಿ ಒಂದು 3750. ಸುಮಾರು 70 ಐಪಿ ಫೋನ್‌ಗಳಿವೆ, ಸಿಸ್ಕೊದವಲ್ಲ. ಹೆಚ್ಚಿನ ಟೇಬಲ್‌ಗಳಲ್ಲಿ ಕಂಪ್ಯೂಟರ್‌ನ ಕೇಬಲ್ ಫೋನಿನ ಹಿಂದಿನ ಪೋರ್ಟ್‌ಗೆ ಹೋಗುತ್ತದೆ. ಕರೆಗಳನ್ನು ನಡೆಸುವ ಆಸ್ಟರಿಸ್ಕ್ ಸರ್ವರ್ 3750ಗೆ ಸೇರಿದೆ. ಡಾಕ್ಟರ್ ಸಿಟಿ ಸ್ಕ್ಯಾನ್ ತೆರೆದಾಗಲೆಲ್ಲ ಅದೇ ಟೇಬಲ್ಲಿನ ಫೋನಿನಲ್ಲಿ ಧ್ವನಿ 15-20 ಸೆಕೆಂಡ್ ಕಟ್ ಕಟ್ ಆಗುತ್ತದೆ. ಆ ಕಡೆಯವರಿಗೆ ಮಾತ್ರ ನಮ್ಮ ಮಾತು ಸರಿಯಾಗಿ ಕೇಳುತ್ತದೆ. ಕ್ಯೂಒಎಸ್ (ಮುಖ್ಯವಾದ ಪ್ಯಾಕೆಟ್‌ಗಳಿಗೆ ಮೊದಲು ದಾರಿ ಬಿಡುವ ವ್ಯವಸ್ಥೆ) ಹಾಕಿದರೆ ಸರಿಹೋಗುತ್ತದೆ ಅಂತ ಎಲ್ಲ ಸ್ವಿಚ್‌ಗಳಲ್ಲಿ 'ಎಂಎಲ್‌ಎಸ್ ಕ್ಯೂಒಎಸ್' ಕೊಟ್ಟೆ. ಈಗ ಧ್ವನಿ ಇನ್ನೂ ಕೆಟ್ಟಿದೆ, ಸ್ಕ್ಯಾನ್ ತೆರೆಯೋದೂ ನಿಧಾನವಾಗಿದೆ. ಧಾರವಾಡದ ನಮ್ಮ ಕ್ಲಿನಿಕ್‌ಗೆ 20 ಎಂಬಿಪಿಎಸ್ ಲೈನ್ ಇದೆ. ಆ ಕರೆಗಳೂ ಸಂಜೆ ಹೊತ್ತು ಸರಿ ಇರೋದಿಲ್ಲ. ರೂಟರ್‌ನಲ್ಲಿ ಧ್ವನಿಗೆ ಇಎಫ್ ಕ್ಲಾಸ್ (ಧ್ವನಿಯನ್ನು ಮುಂದೆ ಬಿಡುವ ಗುಂಪು) ಇದೆ, ಆದರೆ ಅದರ ಕೌಂಟರ್ ಸೊನ್ನೆಯಿಂದ ಮೇಲೇಳುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಇವತ್ತಿನ ಕೆಲಸ ನಡೆಯಲಿ. ಎಲ್ಲ ಸ್ವಿಚ್‌ಗಳಲ್ಲೂ 'ನೋ ಎಂಎಲ್‌ಎಸ್ ಕ್ಯೂಒಎಸ್' ಕೊಟ್ಟು ಹಳೆಯ ಸ್ಥಿತಿಗೆ ತನ್ನಿ. ಸ್ಕ್ಯಾನ್ ಮೊದಲಿನ ವೇಗಕ್ಕೆ ಬರುತ್ತದೆ. ಧ್ವನಿ ಮೊದಲು ಎಷ್ಟು ಕೆಟ್ಟಿತ್ತೋ ಅಷ್ಟಕ್ಕೆ ನಿಲ್ಲುತ್ತದೆ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಿಮ್ಮ ಪ್ರಶ್ನೆಯ ಒಂದು ಸಾಲಿನಲ್ಲೇ ಅರ್ಧ ಉತ್ತರ ಇದೆ. ಅವರ ಮಾತು ನಿಮಗೆ ಒಡೆದು ಕೇಳುತ್ತದೆ, ನಿಮ್ಮ ಮಾತು ಅವರಿಗೆ ಸರಿಯಾಗಿ ಕೇಳುತ್ತದೆ ಅಂದಿರಿ. ಒಂದು ಕರೆಯಲ್ಲಿ ಎರಡು ಬೇರೆ ಬೇರೆ ಹರಿವು ಇರುತ್ತವೆ. ಫೋನಿನಿಂದ ಸರ್ವರ್‌ಗೆ ಒಂದು, ಸರ್ವರ್‌ನಿಂದ ಫೋನಿಗೆ ಇನ್ನೊಂದು. ಕೆಡುತ್ತಿರುವುದು ಎರಡನೆಯದು. ಸ್ಕ್ಯಾನ್ ಚಿತ್ರಗಳೂ ಅದೇ ದಿಕ್ಕಿನಲ್ಲಿ, ಅದೇ ಟೇಬಲ್ಲಿಗೆ ಬರುತ್ತವೆ. ಅಂದರೆ ನೂಕುನುಗ್ಗಲು ಆಗುತ್ತಿರುವುದು ಅಪ್‌ಲಿಂಕ್‌ನಲ್ಲಿ (2960ಯನ್ನು 3750ಗೆ ಸೇರಿಸುವ ಲೈನ್) ಅಲ್ಲ. 2960 ಸ್ವಿಚ್‌ನಿಂದ ಆ ಟೇಬಲ್ಲಿಗೆ ಹೋಗುವ ಪೋರ್ಟ್‌ನ ಬಾಯಲ್ಲಿ. ಅಪ್‌ಲಿಂಕ್‌ನಲ್ಲಿ ಆಗಿದ್ದರೆ ಇಡೀ ಮಹಡಿಯ ಫೋನ್‌ಗಳು ಒಟ್ಟಿಗೆ ಕೆಡುತ್ತಿದ್ದವು, ಅಲ್ವಾ?

ಲೆಕ್ಕ ಹಾಕಿ ನೋಡಿ. ಸಿಟಿಯ ಒಂದು ಚಿತ್ರ ಸಾಮಾನ್ಯವಾಗಿ 512 ಗುಣಿಸು 512 ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ 2 ಬೈಟ್. ಸುಮಾರು ಅರ್ಧ ಎಂಬಿ ಆಯಿತು. 500 ಚಿತ್ರಗಳ ಒಂದು ಸ್ಕ್ಯಾನ್ ಅಂದರೆ 260 ಎಂಬಿ ದಾಟುತ್ತದೆ. ಗಿಗಾಬಿಟ್ ಪೋರ್ಟ್‌ನಲ್ಲಿ ಅದು ಎರಡು ಚಿಲ್ಲರೆ ಸೆಕೆಂಡಿನ ಕೆಲಸ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ 21 ಸೆಕೆಂಡ್. ನೀವು ಹೇಳಿದ 15-20 ಸೆಕೆಂಡಿಗೆ ಇದು ಸರಿಯಾಗಿ ಕೂರುತ್ತದೆ. ಹಾಗಾಗಿ ಆ ಪೋರ್ಟ್‌ಗಳು 100ರಲ್ಲಿ ಓಡುತ್ತಿವೆ ಅಂತಲೇ ನನ್ನ ಅಂದಾಜು. 'ಶೋ ಇಂಟರ್‌ಫೇಸಸ್ ಸ್ಟೇಟಸ್' ಕೊಟ್ಟು ವೇಗದ ಕಾಲಂ ನೋಡಿ. 2960ಯಲ್ಲಿ ಹಲವು ಮಾದರಿಗಳ ಟೇಬಲ್ ಪೋರ್ಟ್‌ಗಳೇ 100ರವು, ಅಪ್‌ಲಿಂಕ್ ಮಾತ್ರ ಗಿಗಾಬಿಟ್. ನಿಮ್ಮದು ಪೂರ್ತಿ ಗಿಗಾಬಿಟ್ ಮಾದರಿ ಆಗಿದ್ದರೂ ನಡುವೆ ಫೋನ್ ಇದೆ. ಕಡಿಮೆ ಬೆಲೆಯ ಐಪಿ ಫೋನ್‌ಗಳ ಒಳಗಿನ ಪುಟ್ಟ ಸ್ವಿಚ್ 100 ಎಂಬಿಪಿಎಸ್‌ನದೇ. ಆ ಕಡೆ ಗಿಗಾಬಿಟ್, ಈ ಕಡೆ ಗಿಗಾಬಿಟ್ ಇದ್ದರೂ ನಡುವಿನ ಫೋನ್ ಎರಡನ್ನೂ ಇಳಿಸಿಬಿಡುತ್ತದೆ.

ಹಾಗಾಗಿ ಸ್ಕ್ಯಾನ್ ನೋಡುವ ಕಂಪ್ಯೂಟರ್‌ಗಳಿಗೆ ಫೋನ್ ದಾಟದೆ ಗೋಡೆಯ ಪಾಯಿಂಟ್‌ನಿಂದ ನೇರ ಬೇರೆ ಕೇಬಲ್ ಎಳೆಸಿ, ಗಿಗಾಬಿಟ್ ಪೋರ್ಟ್ ಕೊಡಿ. ಅಂಥ ಟೇಬಲ್‌ಗಳು ಆಸ್ಪತ್ರೆಯಲ್ಲಿ ಬೆರಳೆಣಿಕೆಯಷ್ಟೇ ಇರುತ್ತವೆ. ಈ ಒಂದು ಕೆಲಸಕ್ಕೆ ಕ್ಯೂಒಎಸ್‌ಗಿಂತ ಜಾಸ್ತಿ ಫಲ ಇದೆ. ಸ್ಕ್ಯಾನೂ ವೇಗವಾಗುತ್ತದೆ, ಫೋನೂ ತಣ್ಣಗಿರುತ್ತದೆ. ಕೇಬಲ್ ಎಳೆಯಲು ಆಗದ ಕಡೆಗೆ ಮತ್ತು ಉಳಿದ ಟೇಬಲ್‌ಗಳಿಗೆ ಕ್ಯೂಒಎಸ್ ಬೇಕು.

ಈಗ, ಆನ್ ಮಾಡಿದ್ದೇ ಯಾಕೆ ಕೆಟ್ಟಿತು ಅನ್ನೋದಕ್ಕೆ ಬರೋಣ. 2960 ಮತ್ತು 3750ಗಳಲ್ಲಿ ಕ್ಯೂಒಎಸ್ ಆಫ್ ಇದ್ದಾಗ ಸ್ವಿಚ್ ಪ್ಯಾಕೆಟ್‌ನ ಗುರುತನ್ನು (ಅದು ಎಷ್ಟು ಮುಖ್ಯ ಅಂತ ಹೇಳುವ ಅಂಕೆ) ಮುಟ್ಟೋದಿಲ್ಲ. ಬಂದದ್ದು ಬಂದ ಹಾಗೆ ಹೋಗುತ್ತದೆ. 'ಎಂಎಲ್‌ಎಸ್ ಕ್ಯೂಒಎಸ್' ಕೊಟ್ಟ ಕ್ಷಣ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಒಂದು, ಎಲ್ಲ ಪೋರ್ಟ್‌ಗಳೂ 'ನಂಬಿಕೆ ಇಲ್ಲ' ಸ್ಥಿತಿಗೆ ಹೋಗುತ್ತವೆ. ಫೋನ್ ಧ್ವನಿಯ ಗುರುತಾದ 46 ಹಾಕಿ ಕಳಿಸಿದರೂ ಸ್ವಿಚ್ ಅದನ್ನು ಒರೆಸಿ ಸೊನ್ನೆ ಮಾಡುತ್ತದೆ. ಎರಡು, ಪ್ರತಿ ಪೋರ್ಟ್‌ನ ಹೊರದಾರಿ ನಾಲ್ಕು ಕ್ಯೂಗಳಾಗುತ್ತದೆ ಮತ್ತು ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ನಾಲ್ಕಕ್ಕೂ 25 ಪರ್ಸೆಂಟ್‌ನಂತೆ ಹಂಚಿಹೋಗುತ್ತದೆ. ಸೊನ್ನೆ ಗುರುತಿನದ್ದೆಲ್ಲ ಎರಡನೇ ಕ್ಯೂಗೆ ಬೀಳುತ್ತದೆ. ನಿಮ್ಮಲ್ಲಿ ಈಗ ಎಲ್ಲವೂ ಸೊನ್ನೆ. ಧ್ವನಿ, ಸ್ಕ್ಯಾನ್, ಕ್ಯಾಮೆರಾ, ಪ್ರಿಂಟರ್ ಎಲ್ಲ ಒಂದೇ ಕ್ಯೂನಲ್ಲಿ ತಳ್ಳಾಡುತ್ತಿವೆ, ಉಳಿದ ಮೂರು ಹೆಚ್ಚುಕಡಿಮೆ ಖಾಲಿ ಕೂತಿವೆ. ಬಫರ್ ಸಣ್ಣದಾದ್ದರಿಂದ ಡ್ರಾಪ್ (ಜಾಗವಿಲ್ಲದೆ ಪ್ಯಾಕೆಟ್ ಬಿದ್ದುಹೋಗೋದು) ಜಾಸ್ತಿಯಾಯಿತು. ಡ್ರಾಪ್ ಆದಾಗಲೆಲ್ಲ, ಸ್ಕ್ಯಾನ್ ಸಾಗಿಸುವ ಟಿಸಿಪಿ ವೇಗ ತಗ್ಗಿಸುತ್ತದೆ, ಅದಕ್ಕೇ ಸ್ಕ್ಯಾನ್ ನಿಧಾನ. ರೂಟರ್‌ನ ಇಎಫ್ ಕೌಂಟರ್ ಸೊನ್ನೆಯಲ್ಲಿ ನಿಂತದ್ದಕ್ಕೂ ಇದೇ ಕಾರಣ. 46 ಗುರುತಿನ ಒಂದು ಪ್ಯಾಕೆಟ್ ಕೂಡ ಅಲ್ಲಿಗೆ ತಲುಪುತ್ತಿಲ್ಲ.

ಗುರುತಿನ ವಿಷಯ ಇಲ್ಲಿ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಸಿಒಎಸ್ ಅನ್ನೋದು ವಿಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಟ್ಯಾಗ್‌ನೊಳಗಿನ 3 ಬಿಟ್, 0ಯಿಂದ 7ರವರೆಗೆ. ಟ್ಯಾಗ್ ಇಲ್ಲದ ಫ್ರೇಮ್‌ಗೆ ಸಿಒಎಸ್ ಇಲ್ಲ. ಡಿಎಸ್‌ಸಿಪಿ ಐಪಿ ಹೆಡರ್‌ನಲ್ಲಿರುವ 6 ಬಿಟ್, 0ಯಿಂದ 63ರವರೆಗೆ. ಟ್ಯಾಗ್ ಇರಲಿ ಬಿಡಲಿ, ಅದು ಪ್ಯಾಕೆಟ್ ಜೊತೆಗೇ ಇರುತ್ತದೆ. ಧ್ವನಿಗೆ ರೂಢಿಯ ಗುರುತು ಸಿಒಎಸ್ 5, ಡಿಎಸ್‌ಸಿಪಿ 46. ಈ 46ಕ್ಕೇ ಇಎಫ್ ಅನ್ನೋ ಹೆಸರು. ಕರೆ ಜೋಡಿಸುವ ಸಿಗ್ನಲ್‌ಗೆ ಸಿಒಎಸ್ 3, ಡಿಎಸ್‌ಸಿಪಿ 24.

ಈಗ ಯಾರನ್ನು ನಂಬಬೇಕು ಅನ್ನೋ ಪ್ರಶ್ನೆ. ಸಿಸ್ಕೊ ಫೋನ್ ಆಗಿದ್ದರೆ 'ಟ್ರಸ್ಟ್ ಡಿವೈಸ್ ಸಿಸ್ಕೊ-ಫೋನ್' ಅಂತ ಕೊಡಬಹುದಿತ್ತು. ಅದು ಸಿಡಿಪಿ (ಸಿಸ್ಕೊ ಸಾಧನಗಳು ಒಂದಕ್ಕೊಂದು ಪರಿಚಯ ಹೇಳಿಕೊಳ್ಳುವ ವ್ಯವಸ್ಥೆ) ಮೂಲಕ ಫೋನನ್ನು ಗುರುತಿಸುತ್ತದೆ, ಬೇರೆ ಕಂಪನಿಯ ಫೋನ್‌ಗೆ ಕೆಲಸಕ್ಕೆ ಬರೋದಿಲ್ಲ. ಟೇಬಲ್ ಪೋರ್ಟ್‌ನಲ್ಲಿ 'ಟ್ರಸ್ಟ್ ಡಿಎಸ್‌ಸಿಪಿ' ಕೊಡೋದು ನನಗಿಷ್ಟವಿಲ್ಲ. ಹಾಗೆ ಮಾಡಿದರೆ ಫೋನಿನ ಹಿಂದಿರುವ ಕಂಪ್ಯೂಟರ್ ಹಾಕಿದ ಗುರುತನ್ನೂ ನಂಬಿದ ಹಾಗಾಯಿತು.

ನಿಮ್ಮಂಥ ಜಾಗಕ್ಕೆ ಸುಲಭದ ದಾರಿ ಟೇಬಲ್ ಪೋರ್ಟ್‌ನಲ್ಲಿ 'ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಸಿಒಎಸ್'. ಫೋನ್ ವಾಯ್ಸ್ ವಿಲ್ಯಾನ್‌ನ ಟ್ಯಾಗ್ ಹಾಕಿ ಕಳಿಸುತ್ತದೆ, ಅದರಲ್ಲಿ ಸಿಒಎಸ್ 5 ಇರುತ್ತದೆ. ಕಂಪ್ಯೂಟರ್ ಟ್ಯಾಗ್ ಇಲ್ಲದೆ ಕಳಿಸುತ್ತದೆ. ಟ್ಯಾಗ್ ಇಲ್ಲದ್ದಕ್ಕೆ ಸ್ವಿಚ್ ಆ ಪೋರ್ಟ್‌ನ ಡಿಫಾಲ್ಟ್ ಸಿಒಎಸ್ ಕೊಡುತ್ತದೆ, ಅದು ಸೊನ್ನೆ. ಕಂಪ್ಯೂಟರ್ ತನ್ನ ಪ್ಯಾಕೆಟ್‌ಗೆ ಏನೇ ಗುರುತು ಬರೆದುಕೊಂಡಿರಲಿ, ಇಲ್ಲಿ ಒರೆಸಿಹೋಗುತ್ತದೆ. ಎಸಿಎಲ್ (ಪ್ಯಾಕೆಟ್ ವಿಂಗಡಿಸುವ ನಿಯಮಗಳ ಪಟ್ಟಿ) ಬರೆಯುವ ಕಷ್ಟವೇ ಇಲ್ಲ.

ಆದರೆ ಇಲ್ಲೊಂದು ಗುಂಡಿ ಇದೆ. ಬಹಳ ಜನ ಇದರಲ್ಲಿ ಬೀಳುತ್ತಾರೆ. ಸಿಒಎಸ್ ನಂಬಿದ ಪೋರ್ಟ್‌ನಲ್ಲಿ ಸ್ವಿಚ್ ಡಿಎಸ್‌ಸಿಪಿಯನ್ನು ಒಂದು ಪಟ್ಟಿಯ ಪ್ರಕಾರ ಹೊಸದಾಗಿ ಬರೆಯುತ್ತದೆ. ಕಾರ್ಖಾನೆಯಿಂದ ಬರುವ ಪಟ್ಟಿ 0 8 16 24 32 40 48 56. ಸಿಒಎಸ್ 5ಕ್ಕೆ 40 ಸಿಗುತ್ತದೆ, 46 ಅಲ್ಲ! ಸ್ವಿಚ್‌ನೊಳಗೆ ತೊಂದರೆ ಇಲ್ಲ, 40 ಕೂಡ ಮೊದಲನೇ ಕ್ಯೂಗೇ ಹೋಗುತ್ತದೆ. ರೂಟರ್ ಮಾತ್ರ 46 ಹುಡುಕುತ್ತಾ ಕೂರುತ್ತದೆ. ಇಎಫ್ ಕೌಂಟರ್ ಮತ್ತೆ ಸೊನ್ನೆ. ಹಾಗಾಗಿ ಎಲ್ಲ ಸ್ವಿಚ್‌ಗಳಲ್ಲೂ ಇದನ್ನು ಮೊದಲೇ ಹಾಕಿ:

ಎಂಎಲ್‌ಎಸ್ ಕ್ಯೂಒಎಸ್ ಮ್ಯಾಪ್ ಸಿಒಎಸ್-ಡಿಎಸ್‌ಸಿಪಿ 0 8 16 24 32 46 48 56

ಫೋನ್ ನಿಜವಾಗಿ ಸಿಒಎಸ್ 5 ಹಾಕುತ್ತಿದೆಯಾ ಅಂತ ಅದರ ವೆಬ್ ಪುಟದಲ್ಲಿ ಒಮ್ಮೆ ನೋಡಿ. ಎಷ್ಟೋ ಫೋನ್‌ಗಳಲ್ಲಿ ವಿಲ್ಯಾನ್ ನಂಬರ್‌ನ ಪಕ್ಕದ ಪ್ರಯಾರಿಟಿ ಖಾನೆ ಸೊನ್ನೆಯಲ್ಲೇ ಇರುತ್ತದೆ. ಎಲ್‌ಎಲ್‌ಡಿಪಿ (ಸಿಡಿಪಿಯಂಥದ್ದೇ, ಎಲ್ಲ ಕಂಪನಿಗಳಿಗೂ ಸಲ್ಲುವುದು) ಮೂಲಕ ಸ್ವಿಚ್‌ನಿಂದಲೇ ಹೇಳಿಸಬಹುದು. ಆದರೆ 2960ಯಲ್ಲಿ ಎಲ್‌ಎಲ್‌ಡಿಪಿ ಡಿಫಾಲ್ಟ್ ಆಗಿ ಆಫ್ ಇರುತ್ತದೆ, 'ಎಲ್‌ಎಲ್‌ಡಿಪಿ ರನ್' ಕೊಡಬೇಕು.

ಇದಿಷ್ಟೂ ಫೋನಿನಿಂದ ಹೊರಡುವ ಹರಿವಿಗೆ. ನಿಮ್ಮಲ್ಲಿ ಕೆಟ್ಟಿರುವುದು ಫೋನಿಗೆ ಬರುವ ಹರಿವು, ಮರೀಬೇಡಿ. ಟ್ರಸ್ಟ್ ಅನ್ನೋದು ಒಂದು ಪೋರ್ಟ್‌ಗೆ ಒಳಬರುವ ಪ್ಯಾಕೆಟ್‌ಗೆ ಮಾತ್ರ ಸಂಬಂಧಿಸಿದ್ದು. ಆದ್ದರಿಂದ ಸರ್ವರ್‌ನಿಂದ ಟೇಬಲ್‌ವರೆಗೆ ದಾರಿಯಲ್ಲಿ ಸಿಗುವ ಪ್ರತಿಯೊಂದು ಒಳಬಾಗಿಲನ್ನೂ ಬೆರಳಿಟ್ಟು ಎಣಿಸಿ. ಆಸ್ಟರಿಸ್ಕ್ ಸರ್ವರ್ ಸೇರಿರುವ 3750ಯ ಪೋರ್ಟ್, ಅದಕ್ಕೆ 'ಟ್ರಸ್ಟ್ ಡಿಎಸ್‌ಸಿಪಿ'. 3750ಯಿಂದ ಬಂದ ಅಪ್‌ಲಿಂಕ್ 2960ಯಲ್ಲಿ ಒಳಸೇರುವ ಪೋರ್ಟ್, ಅದಕ್ಕೂ ಅದೇ. ವಾಪಸ್ ದಿಕ್ಕಿಗೆ 3750ಯ ಕಡೆಯ ಅಪ್‌ಲಿಂಕ್ ಪೋರ್ಟ್‌ಗೂ, ರೂಟರ್ ಸೇರಿರುವ ಪೋರ್ಟ್‌ಗೂ. ಇವುಗಳಲ್ಲಿ ಒಂದನ್ನು ಬಿಟ್ಟರೂ ಅಲ್ಲಿ ಗುರುತು ಸೊನ್ನೆಯಾಗುತ್ತದೆ, ಮುಂದಿನ ಸ್ವಿಚ್ ಎಷ್ಟೇ ನಂಬಿದರೂ ನಂಬೋದು ಸೊನ್ನೆಯನ್ನೇ.

ಇನ್ನೊಂದು, ಆಸ್ಟರಿಸ್ಕ್ ತಾನಾಗಿ ಗುರುತು ಹಾಕುತ್ತದೆ ಅಂತ ನಂಬಬೇಡಿ. ಸಿಪ್ (ಕರೆ ಜೋಡಿಸುವ ವಿಧಾನ) ಸೆಟ್ಟಿಂಗ್‌ನಲ್ಲಿ 'ಟಾಸ್ ಆಡಿಯೋ' ಅನ್ನೋ ಸಾಲಿಗೆ ಇಎಫ್ ಕೊಟ್ಟಿರಬೇಕು. ಸರ್ವರ್‌ನಿಂದಲೇ ಸೊನ್ನೆ ಹೊರಟರೆ ಆರು ಸ್ವಿಚ್‌ಗಳ ಕೆಲಸವೂ ದಂಡ. ಸ್ವಿಚ್‌ನಲ್ಲಿ ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಈ ಒಂದು ಸಾಲಿನಲ್ಲಿ ಉತ್ತರ ಸಿಕ್ಕವರನ್ನು ನಾನು ಬಹಳ ನೋಡಿದ್ದೇನೆ.

ಗುರುತು ಉಳಿಯಿತು. ಇನ್ನು ಅದಕ್ಕೆ ದಾರಿ ಬಿಡಬೇಕು. ಫೋನ್ ಇರುವ ಪ್ರತಿ ಟೇಬಲ್ ಪೋರ್ಟ್‌ನಲ್ಲೂ, ಅಪ್‌ಲಿಂಕ್‌ಗಳಲ್ಲೂ 'ಪ್ರಯಾರಿಟಿ-ಕ್ಯೂ ಔಟ್' ಕೊಡಿ. ಆಗ ಮೊದಲನೇ ಕ್ಯೂನಲ್ಲಿ ಏನಾದರೂ ಇದ್ದರೆ ಅದು ಹೋದ ಮೇಲೆಯೇ ಉಳಿದದ್ದು. ಅಪ್‌ಲಿಂಕ್‌ಗೆ ಮಾತ್ರ ಹಾಕಿ ಟೇಬಲ್ ಪೋರ್ಟ್ ಬಿಡೋದು ತುಂಬಾ ಸಾಮಾನ್ಯ. ನಿಮ್ಮ ವಿಷಯದಲ್ಲಿ ಟೇಬಲ್ ಪೋರ್ಟೇ ಮುಖ್ಯ. ಧ್ವನಿಗೆ ಹೀಗೆ ಪೂರ್ತಿ ಆದ್ಯತೆ ಕೊಟ್ಟರೆ ಉಳಿದವು ಸಾಯುತ್ತವಾ ಅಂತ ಹೆದರಬೇಡಿ. ಜಿ.711 (ಧ್ವನಿಯನ್ನು ಡಿಜಿಟಲ್ ಮಾಡುವ ಒಂದು ವಿಧಾನ) ಕರೆ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ. ಹೆಡರ್‌ಗಳೆಲ್ಲ ಸೇರಿ ಈಥರ್ನೆಟ್‌ನಲ್ಲಿ ಸುಮಾರು 87 ಕೆಬಿಪಿಎಸ್. 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಅದು ಸಾವಿರಕ್ಕೆ ಒಂದು ಪಾಲೂ ಇಲ್ಲ.

'ಪ್ರಯಾರಿಟಿ-ಕ್ಯೂ ಔಟ್' ಕೊಡದೇ ಇದ್ದರೆ ಈ ಸ್ವಿಚ್‌ಗಳಲ್ಲಿ ಇನ್ನೊಂದು ತಮಾಷೆ ಇದೆ. ಮೊದಲನೇ ಕ್ಯೂನ ಶೇಪಿಂಗ್ (ವೇಗಕ್ಕೆ ಹಾಕುವ ಮಿತಿ) ಡಿಫಾಲ್ಟ್ ಆಗಿ 25 ಅಂತ ಇರುತ್ತದೆ. 25 ಪರ್ಸೆಂಟ್ ಅಂತ ಓದಿಬಿಡುತ್ತೇವೆ. ಅದರ ಅರ್ಥ 25ರಲ್ಲಿ ಒಂದು ಪಾಲು, ಅಂದರೆ 4 ಪರ್ಸೆಂಟ್. ಅದೂ ಮಿತಿ, ಲೈನ್ ಖಾಲಿ ಇದ್ದರೂ ದಾಟುವ ಹಾಗಿಲ್ಲ. ಆದ್ಯತೆ ಕೊಡಬೇಕಾದ ಕ್ಯೂಗೆ ಕಡಿವಾಣ ಹಾಕಿಟ್ಟಿದ್ದಾರೆ. ಪ್ರಯಾರಿಟಿ ಆನ್ ಮಾಡಿದ ಮೇಲೆ ಈ ಅಂಕೆಯನ್ನು ಸ್ವಿಚ್ ಲೆಕ್ಕಕ್ಕೆ ತಗೊಳ್ಳೋದಿಲ್ಲ.

ಬಫರ್ ಹಂಚಿಕೆಯನ್ನೂ ಬದಲಿಸಿ, ಇಲ್ಲದಿದ್ದರೆ ಸ್ಕ್ಯಾನ್ ನಿಧಾನ ಅನ್ನೋ ದೂರು ಉಳಿಯುತ್ತದೆ. ಧ್ವನಿಗೆ ಬಫರ್ ಜಾಸ್ತಿ ಬೇಕಿಲ್ಲ, ಅದು ಬಂದ ತಕ್ಷಣ ಹೊರಡುತ್ತದೆ. ಜಾಗ ಬೇಕಿರೋದು ಎರಡನೇ ಕ್ಯೂಗೆ:

ಎಂಎಲ್‌ಎಸ್ ಕ್ಯೂಒಎಸ್ ಕ್ಯೂ-ಸೆಟ್ ಔಟ್‌ಪುಟ್ 1 ಬಫರ್ಸ್ 10 60 20 10

ಕ್ಯೂಗಳ ನಡುವೆ ವೇಗ ಹಂಚಲು ಪೋರ್ಟ್‌ಗಳಲ್ಲಿ 'ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಷೇರ್ 1 70 20 10' ಕೊಡಿ. ಈ ಅಂಕೆಗಳು ವೇದವಾಕ್ಯ ಅಲ್ಲ. ಇಲ್ಲಿಂದ ಶುರು ಮಾಡಿ, ಡ್ರಾಪ್ ನೋಡಿಕೊಂಡು ತಿದ್ದಿ.

'ಆಟೋ ಕ್ಯೂಒಎಸ್' ಒಂದೇ ಕಮಾಂಡಿನಲ್ಲಿ ಇದನ್ನೆಲ್ಲ ಮಾಡುತ್ತದಲ್ಲ ಅಂತ ಕೇಳಬಹುದು. ಮಾಡುತ್ತದೆ. ಒಂದು ಪೋರ್ಟ್‌ನಲ್ಲಿ ಕೊಟ್ಟರೂ ಇಡೀ ಸ್ವಿಚ್‌ನ ಮ್ಯಾಪ್ ಮತ್ತು ಬಫರ್‌ಗಳನ್ನು ಬದಲಿಸುತ್ತದೆ, ಕಾನ್ಫಿಗ್‌ನಲ್ಲಿ ಪುಟಗಟ್ಟಲೆ ಸಾಲು ಸೇರಿಸುತ್ತದೆ. ಏನು ಸೇರಿಸಿತು ಅಂತ ಓದಿ ಅರ್ಥ ಮಾಡಿಕೊಳ್ಳುವ ತಾಳ್ಮೆ ಇದ್ದರೆ ಒಳ್ಳೆಯದೇ. ಕೈಯಿಂದ ಹಾಕಿದ್ದರ ಮೇಲೆ ಅದನ್ನು ಹಾಕಬೇಡಿ. ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಪೋರ್ಟ್‌ಗಳಲ್ಲಿ ಫ್ಲೋ ಕಂಟ್ರೋಲ್ ಆನ್ ಇದ್ದರೆ ಆಫ್ ಮಾಡಿ. ಈ ಸ್ವಿಚ್‌ಗಳಲ್ಲಿ ಅದನ್ನೂ ಕ್ಯೂಒಎಸ್ಸನ್ನೂ ಒಟ್ಟಿಗೆ ಇಡಬಾರದು. ಫ್ಲೋ ಕಂಟ್ರೋಲ್‌ನ ಪಾಜ್ ಫ್ರೇಮ್ ('ಸ್ವಲ್ಪ ನಿಲ್ಲು' ಅನ್ನೋ ಸಂದೇಶ) ಬಂದರೆ ಧ್ವನಿ, ಡೇಟಾ ಅಂತ ನೋಡದೆ ಎಲ್ಲವೂ ನಿಂತುಹೋಗುತ್ತವೆ.

ಯಾವುದಕ್ಕೆ ಆದ್ಯತೆ ಕೊಡಬಾರದು ಅನ್ನೋದೂ ಮುಖ್ಯ. ಕ್ಯಾಮೆರಾ ಬೇಡ, ಅದು ರೆಕಾರ್ಡ್ ಆಗುವ ವಿಡಿಯೋ, ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗೋದಿಲ್ಲ. ಸ್ಕ್ಯಾನ್‌ಗೂ ಬೇಡ. ಅದಕ್ಕೆ ಬೇಕಿರೋದು ಅಗಲವಾದ ದಾರಿ, ಮುಂದಿನ ಸಾಲಲ್ಲ. 'ದೊಡ್ಡ ಡಾಕ್ಟರ ಕಂಪ್ಯೂಟರ್‌ಗೆ ಪ್ರಯಾರಿಟಿ ಕೊಡಿ' ಅನ್ನೋ ಕೋರಿಕೆ ಬಂದೇ ಬರುತ್ತದೆ. ಆಯಿತು ಸರ್ ಅಂದು ಗಿಗಾಬಿಟ್ ಕೇಬಲ್ ಎಳೆಸಿಕೊಡಿ. ಬ್ಯಾಕಪ್‌ಗೆ ಗುರುತು ಹಾಕುವ ಬದಲು ರಾತ್ರಿ ಹೊತ್ತಿಗೆ ತಳ್ಳಿ. ಅಷ್ಟೇ ಸಾಕು.

ಧಾರವಾಡದ ಲೈನ್ ಬೇರೆ ಜಾತಿಯ ಸಮಸ್ಯೆ. ಸ್ವಿಚ್‌ನಲ್ಲಿ ಏನೇ ಮಾಡಿದರೂ ಅದು ಪೂರ್ತಿ ಸರಿಹೋಗೋದಿಲ್ಲ. ಕಟ್ಟಡದ ಒಳಗೆ ತೊಂದರೆ ಅಂದರೆ ಡ್ರಾಪ್. ಸ್ವಿಚ್‌ನಲ್ಲಿ 2 ಎಂಬಿ ಬಫರ್ ತುಂಬಿ ನಿಂತಿದೆ ಅಂತಿಟ್ಟುಕೊಳ್ಳಿ, ಗಿಗಾಬಿಟ್ ಪೋರ್ಟ್ ಅದನ್ನು 16 ಮಿಲಿಸೆಕೆಂಡಿನಲ್ಲಿ ಖಾಲಿ ಮಾಡುತ್ತದೆ. ಹೇಳಿಕೊಳ್ಳುವಷ್ಟು ತಡ ಆಗೋದಿಲ್ಲ. 20 ಎಂಬಿಪಿಎಸ್ ಲೈನ್‌ನಲ್ಲಿ 1500 ಬೈಟ್‌ನ ಸಾವಿರ ಪ್ಯಾಕೆಟ್ ಸಾಲು ನಿಂತರೆ ಖಾಲಿಯಾಗಲು 600 ಮಿಲಿಸೆಕೆಂಡ್ ಬೇಕು. ಮಾತುಕತೆಗೆ ಒಂದು ಕಡೆಗೆ 150 ಮಿಲಿಸೆಕೆಂಡ್ ಒಳಗಿರಬೇಕು ಅಂತ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ) ಶಿಫಾರಸು ಜಿ.114 ಹೇಳುತ್ತದೆ. ಈ ಸಾಲು ಎಲ್ಲಿ ನಿಲ್ಲುತ್ತದೆ ಗೊತ್ತಾ? ನಿಮ್ಮ ರೂಟರ್‌ನಲ್ಲಲ್ಲ, ಲೈನ್ ಕೊಟ್ಟವರ ಡಬ್ಬದಲ್ಲಿ. ನಿಮ್ಮ ರೂಟರ್‌ನ ಪೋರ್ಟ್ ಗಿಗಾಬಿಟ್ ಅಥವಾ 100, ಅದಕ್ಕೆ ಲೈನ್ ತುಂಬಿದ್ದೇ ತಿಳಿಯೋದಿಲ್ಲ. ಕ್ಯೂನೇ ಇಲ್ಲದ ಕೌಂಟರ್‌ನಲ್ಲಿ ಎಮರ್ಜೆನ್ಸಿ ಚೀಟಿ ತೋರಿಸಿದ ಹಾಗೆ, ನಿಮ್ಮ ಇಎಫ್ ಕ್ಲಾಸ್‌ಗೆ ಅಲ್ಲಿ ಕೆಲಸ ಇಲ್ಲ.

ಪರಿಹಾರ, ಸಾಲನ್ನು ನಿಮ್ಮ ಕಡೆಗೆ ಎಳೆದುಕೊಳ್ಳೋದು. ರೂಟರ್‌ನಲ್ಲಿ ಹೊರ ಪಾಲಿಸಿಯಾಗಿ 19 ಎಂಬಿಪಿಎಸ್‌ಗೆ ಶೇಪಿಂಗ್ ಹಾಕಿ. ಅದರೊಳಗೆ ಈಗಿರುವ ಪಾಲಿಸಿಯನ್ನು ಕೂರಿಸಿ. ಇಎಫ್‌ಗೆ 2 ಎಂಬಿಪಿಎಸ್ ಪ್ರಯಾರಿಟಿ ಸಾಕು. ಏಕಕಾಲಕ್ಕೆ ಹತ್ತು ಕರೆ ನಡೆದರೂ ಒಂದು ಎಂಬಿಪಿಎಸ್ ದಾಟೋದಿಲ್ಲ. ಇದೇ ಕೆಲಸ ಧಾರವಾಡದ ರೂಟರ್‌ನಲ್ಲೂ ಆಗಬೇಕು. ಅಲ್ಲಿಂದ ಬರುವ ಹರಿವನ್ನು ಹುಬ್ಬಳ್ಳಿಯಲ್ಲಿ ಕೂತು ಸರಿಮಾಡಲು ಆಗೋದಿಲ್ಲ. ಲೈನ್ ಇಂಟರ್ನೆಟ್ ಮೇಲಿನ ವಿಪಿಎನ್ ಆಗಿದ್ದರೆ ನಡುವಿನವರು ನಿಮ್ಮ ಗುರುತಿಗೆ ಬೆಲೆ ಕೊಡುತ್ತಾರೆ ಅಂತ ಎಣಿಸಬೇಡಿ. ಎಂಪಿಎಲ್‌ಎಸ್ (ಲೈನ್ ಕೊಟ್ಟವರದೇ ಖಾಸಗಿ ಜಾಲ) ಆಗಿದ್ದರೆ ಯಾವ ಗುರುತಿಗೆ ಯಾವ ಕ್ಲಾಸ್ ಅಂತ ಅವರಿಂದ ಬರಹದಲ್ಲಿ ತಗೊಳ್ಳಿ.

ಡಾಕ್ಟರ್‌ಗಳು ಮೊಬೈಲ್‌ನಲ್ಲಿ ವೈಫೈ ಮೂಲಕ ಕರೆ ಮಾಡುತ್ತಿದ್ದರೆ ಒಂದು ಮಾತು. 46ರ ಮೊದಲ ಮೂರು ಬಿಟ್ ತೆಗೆದರೆ 5 ಬರುತ್ತದೆ. ವೈಫೈ ಲೆಕ್ಕದಲ್ಲಿ 5 ಅಂದರೆ ವಿಡಿಯೋ, ಧ್ವನಿಗೆ 6 ಬೇಕು. ಇದನ್ನು ಸರಿಪಡಿಸುವ ಮ್ಯಾಪಿಂಗ್ ಅನ್ನು 2018ರ ಆರ್‌ಎಫ್‌ಸಿ 8325 ಅನ್ನೋ ಇಂಟರ್ನೆಟ್ ಮಾನದಂಡದ ದಾಖಲೆ ಹೇಳಿದೆ. ಆಕ್ಸೆಸ್ ಪಾಯಿಂಟ್‌ನ ಸೆಟ್ಟಿಂಗ್‌ನಲ್ಲಿ ಅದು ಇದೆಯಾ ನೋಡಿ.

ಕೊನೆಗೆ ಪರೀಕ್ಷೆ. ಪಿಂಗ್ ಹಾಕಿ ನೋಡಬೇಡಿ. ಸುಮ್ನೆ ಹಾಕಿದ ಪಿಂಗ್‌ಗೆ ಗುರುತು ಇರೋದಿಲ್ಲ, ಅದು ಎರಡನೇ ಕ್ಯೂನ ಕಥೆ ಹೇಳುತ್ತದೆ, ಧ್ವನಿಯದ್ದಲ್ಲ. ಫೋನಿನ ಹಿಂದಿರುವ ಒಂದು ಕಂಪ್ಯೂಟರ್‌ನಲ್ಲಿ ಐಪರ್ಫ್3 (ನೆಟ್‌ವರ್ಕ್ ವೇಗ ಅಳೆಯುವ ಸಾಫ್ಟ್‌ವೇರ್) ಸರ್ವರ್ ಓಡಿಸಿ. ಅದು ಒಂದು ಸಲಕ್ಕೆ ಒಂದೇ ಪರೀಕ್ಷೆ ತಗೊಳ್ಳುತ್ತದೆ, ಹಾಗಾಗಿ ಎರಡು ಪೋರ್ಟ್ ನಂಬರ್‌ಗಳಲ್ಲಿ ಎರಡು ಓಡಿಸಿ. ಸರ್ವರ್ ರೂಮಿನಲ್ಲಿ, 'ಟ್ರಸ್ಟ್ ಡಿಎಸ್‌ಸಿಪಿ' ಇರುವ ಪೋರ್ಟ್‌ಗೆ ಒಂದು ಲಿನಕ್ಸ್ ಲ್ಯಾಪ್‌ಟಾಪ್ ಸೇರಿಸಿ. ಅದರಿಂದ ಒಂದು ಕಡೆ ಟಿಸಿಪಿಯನ್ನು ಪೂರ್ತಿ ವೇಗದಲ್ಲಿ ಬಿಡಿ. ಜೊತೆಗೆ 1 ಎಂಬಿಪಿಎಸ್ ಯುಡಿಪಿಯನ್ನು (ಧ್ವನಿ ಸಾಗುವ ವಿಧಾನ) ದೊಡ್ಡ ಎಸ್ ಆಯ್ಕೆಗೆ 184 ಕೊಟ್ಟು ಕಳಿಸಿ. ಆರು ಬಿಟ್‌ಗಳು ಬೈಟ್‌ನ ಮೇಲ್ಭಾಗದಲ್ಲಿ ಕೂರುವುದರಿಂದ 46 ಗುಣಿಸು 4. ಯುಡಿಪಿಯ ಲಾಸ್ ಸೊನ್ನೆ ಅಥವಾ ಅದರ ಹತ್ತಿರ ಬರಬೇಕು. 184 ತೆಗೆದು ಮತ್ತೆ ಓಡಿಸಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಅದು ನಡೆಯುವಾಗಲೇ ಆ ಟೇಬಲ್ ಪೋರ್ಟ್‌ನ ಮೇಲೆ 'ಶೋ ಎಂಎಲ್‌ಎಸ್ ಕ್ಯೂಒಎಸ್ ಇಂಟರ್‌ಫೇಸ್' ಕಮಾಂಡನ್ನು 'ಸ್ಟಾಟಿಸ್ಟಿಕ್ಸ್' ಸೇರಿಸಿ ಕೊಡಿ. ಕೆಳಗಡೆ ಔಟ್‌ಪುಟ್ ಕ್ಯೂಗಳ ಎರಡು ಪಟ್ಟಿ ಬರುತ್ತವೆ, ಸಾಲಿಗೆ ಸೇರಿದ್ದು ಮತ್ತು ಡ್ರಾಪ್ ಆದದ್ದು. ಕಾನ್ಫಿಗ್‌ನಲ್ಲಿ ಕ್ಯೂಗಳಿಗೆ 1ರಿಂದ 4 ಅಂತ ನಂಬರ್, ಈ ಪಟ್ಟಿಯಲ್ಲಿ 0ಯಿಂದ 3. ಆದ್ದರಿಂದ ಧ್ವನಿ ಕಾಣಬೇಕಿರೋದು 'ಕ್ಯೂ 0' ಸಾಲಿನಲ್ಲಿ, ಸ್ಕ್ಯಾನ್ 'ಕ್ಯೂ 1'ರಲ್ಲಿ. ಕ್ಯೂ 0ಯಲ್ಲಿ ಸೇರಿದ ಸಂಖ್ಯೆ ಏರುತ್ತಿದ್ದು ಡ್ರಾಪ್ ಸೊನ್ನೆ ಇದ್ದರೆ ಕೆಲಸ ಆಯಿತು. ಕ್ಯೂ 1ರಲ್ಲಿ ಒಂದಿಷ್ಟು ಡ್ರಾಪ್ ಇರೋದು ಸಹಜ, ಟಿಸಿಪಿ ತನ್ನ ವೇಗ ಕಂಡುಕೊಳ್ಳುವ ರೀತಿಯೇ ಅದು. ಕ್ಯೂ 0 ಖಾಲಿ ಇದ್ದರೆ ಗುರುತು ದಾರಿಯಲ್ಲೆಲ್ಲೋ ಒರೆಸಿಹೋಗಿದೆ. ಅದೇ ಕಮಾಂಡಿನ ಮೇಲ್ಭಾಗದಲ್ಲಿ ಒಳಬಂದ ಡಿಎಸ್‌ಸಿಪಿಗಳ ಎಣಿಕೆ ಇರುತ್ತದೆ. ಸರ್ವರ್ ಕಡೆಯಿಂದ ಒಂದೊಂದೇ ಪೋರ್ಟ್‌ನಲ್ಲಿ ಅದನ್ನು ನೋಡುತ್ತಾ ಬನ್ನಿ. 46ರ ಎಣಿಕೆ ಎಲ್ಲಿ ನಿಲ್ಲುತ್ತದೋ ಅದರ ಹಿಂದಿನ ಸ್ವಿಚ್‌ನಲ್ಲಿ ಟ್ರಸ್ಟ್ ಬಿಟ್ಟುಹೋಗಿದೆ. ಮೊದಲ ಪೋರ್ಟ್‌ನಲ್ಲೇ 46 ಇಲ್ಲದಿದ್ದರೆ ಆಸ್ಟರಿಸ್ಕ್‌ನ ಸಾಲನ್ನು ಮತ್ತೆ ನೋಡಿ.

ಎಲ್ಲ ಸರಿಯಿದ್ದು, ಡ್ರಾಪ್ ಎಲ್ಲೂ ಇಲ್ಲದೆ ಧ್ವನಿ ಒಡೆಯುತ್ತಲೇ ಇದ್ದರೆ ಸ್ವಿಚ್ ಬಿಟ್ಟುಬಿಡಿ. ಆ ಪೋರ್ಟ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಫ್ರೇಮ್) ಇದೆಯಾ, ಡೂಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆಯುವ ಸೆಟ್ಟಿಂಗ್) ಎರಡೂ ಕಡೆ ಒಂದೇ ಇದೆಯಾ, ಆಸ್ಟರಿಸ್ಕ್ ಸರ್ವರ್‌ನ ಸಿಪಿಯು ಆ ಹೊತ್ತಿನಲ್ಲಿ ಏನು ಮಾಡುತ್ತಿದೆ ಅಂತ ನೋಡಿ.

ಎಲ್ಲ ಆರೂ ಸ್ವಿಚ್‌ಗಳಿಗೆ ಒಂದೇ ರಾತ್ರಿ ಹಾಕಬೇಡಿ. 3750 ಮತ್ತು ರೇಡಿಯಾಲಜಿ ಇರುವ ಮಹಡಿಯ ಒಂದು 2960, ಇವೆರಡಕ್ಕೆ ಮೊದಲು ಹಾಕಿ. 3750ಯಲ್ಲಿ ಕ್ಯೂಒಎಸ್ ಆನ್ ಆದ ಕ್ಷಣ ಅದರ ಎಲ್ಲ ಪೋರ್ಟ್‌ಗಳೂ ಗುರುತು ಒರೆಸಲು ಶುರು ಮಾಡುತ್ತವೆ, ಆದ್ದರಿಂದ ಟ್ರಸ್ಟ್ ಸಾಲುಗಳನ್ನು ಮೊದಲೇ ಬರೆದಿಟ್ಟು, 'ಎಂಎಲ್‌ಎಸ್ ಕ್ಯೂಒಎಸ್' ಕೊನೆಗೆ ಕೊಡಿ. ಎರಡು ದಿನದ ಓಪಿಡಿ ಕಳೆಯಲಿ. ಕೌಂಟರ್ ನೋಡಿ, ರಿಸೆಪ್ಷನ್‌ನವರನ್ನು ಕೇಳಿ, ಆಮೇಲೆ ಉಳಿದ ಮಹಡಿಗಳಿಗೆ ಹೋಗಿ.